ಕೊನೆಯ ಗದ್ದೆಗೆ ನೀರು

ಕಾದ ಮರಳಿಗೆ ಭತ್ತ ಸುರಿದರೆ ಪಟಪಟನೆ ಸಿಡಿದು ಅರಳಾಗುತ್ತದೆ. ಆಗ ಏಳುವ ಘಮಲು ನಾಗರಪಂಚಮಿಗೆ ಅಳ್ಳು ಹುರಿದ ಮನೆಯವರಿಗೆ ಗೊತ್ತು, ಮದುವೆಯ ಲಾಜಾಹೋಮದ ಹೊಗೆಯ ಪಕ್ಕ ಕಣ್ಣು ಉಜ್ಜಿಕೊಂಡು ನಿಂತವರಿಗೂ ಗೊತ್ತು. ನಮ್ಮೊಳಗಿನ ಜೀವಸತ್ವಕ್ಕೂ ಅದೇ ವಾಸನೆ ಎನ್ನುತ್ತದೆ ಚರಕಸಂಹಿತೆ. ಬಣ್ಣ ತುಪ್ಪದ್ದು, ರುಚಿ ಜೇನಿನದು, ವಾಸನೆ ಅರಳಿನದು. ಹೆಸರು ಓಜಸ್ಸು. ಗರ್ಭದಲ್ಲಿ ದೇಹ ಕಟ್ಟಿಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಹುಟ್ಟುವುದೂ ಅದೇ, ಅದು ಹೋದರೆ ಜೀವವೂ ಹೋಯಿತು ಎಂದು ಚರಕ ಹೇಳುತ್ತಾನೆ.

ಯಾರೂ ಕಣ್ಣಾರೆ ಕಾಣದ ವಸ್ತುವೊಂದನ್ನು ಹೇಳಬೇಕಾಗಿ ಬಂದಾಗ ಆ ವೈದ್ಯ ಹೋಗಿದ್ದು ಅಡುಗೆಮನೆಗೆ. ಅಳತೆ ಬೇಕಾದಾಗ ಕೈ ಚಾಚಿದ್ದು ನಮ್ಮ ಅಂಗೈಗೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ ದ್ರವಗಳಿಗೆಲ್ಲ ಒಂದು ಲೆಕ್ಕವಿದೆ: ನೀರು ಹತ್ತು ಬೊಗಸೆ, ಅನ್ನರಸ ಒಂಬತ್ತು, ರಕ್ತ ಎಂಟು, ಮಲ ಏಳು, ಕಫ ಆರು, ಪಿತ್ತ ಐದು, ಮೂತ್ರ ನಾಲ್ಕು, ವಸೆ ಮೂರು, ಮೇದಸ್ಸು ಎರಡು, ಮಜ್ಜೆ ಒಂದು. ಮೆಟ್ಟಿಲಿಳಿದ ಹಾಗೆ ಇಳಿದು ಬಂದು ಕೊನೆಗೆ ಓಜಸ್ಸಿಗೆ ಸಿಕ್ಕಿದ್ದು ಅರ್ಧ ಬೊಗಸೆ. ಇದು ಮೈಯೆಲ್ಲ ಹರಡಿಕೊಂಡಿರುವ ಓಜಸ್ಸಿನ ಲೆಕ್ಕ. ಹೃದಯದಲ್ಲಿ ನೆಲೆಸಿರುವ ‘ಪರ’ ಓಜಸ್ಸು ಬೇರೆಯೇ ಇದೆ, ಅದು ಎಂಟೇ ಹನಿ ಎನ್ನುತ್ತಾರೆ ವ್ಯಾಖ್ಯಾನಕಾರರು. ಈ ಬೊಗಸೆ ರಾಜನ ಮುದ್ರೆ ಬಿದ್ದ ಸೇರು-ಪಾವಿನಂಥ ಅಳತೆಯಲ್ಲ. ಅವರವರ ಬೊಗಸೆಯೇ ಅವರವರಿಗೆ ಅಳತೆ. ಮಗುವಿನ ಅರ್ಧ ಬೊಗಸೆ ಬೇರೆ, ಜಟ್ಟಿಯ ಅರ್ಧ ಬೊಗಸೆ ಬೇರೆ.

ಕಾವ್ಯಶಾಸ್ತ್ರದಲ್ಲೂ ಓಜಸ್ಸು ಎಂಬ ಮಾತಿದೆ. ಆಲಂಕಾರಿಕ ದಂಡಿಯ ಪ್ರಕಾರ ಓಜಸ್ಸೆಂದರೆ ಸಮಾಸಗಳ ಸಾಂದ್ರತೆ. ದಂಡಿಯ ದಾರಿಯಲ್ಲೇ ನಡೆದ ನಮ್ಮ ‘ಕವಿರಾಜಮಾರ್ಗ’ವೂ ಕಾವ್ಯಗುಣಗಳ ಚರ್ಚೆ ಮಾಡುತ್ತದೆ. ಸ್ವಲ್ಪ ಜಾಗದಲ್ಲಿ ಗಟ್ಟಿಯಾಗಿ ತುಂಬಿಕೊಂಡಿರುವುದು ಎಂಬ ಅರ್ಥ ವೈದ್ಯಕ್ಕೂ ಕಾವ್ಯಕ್ಕೂ ಹೊಂದುತ್ತದೆ.

ಈ ಅರ್ಧ ಬೊಗಸೆ ಎಲ್ಲಿಂದ ಬರುತ್ತದೆ? ದುಂಬಿಗಳು ಹೂವು ಹಣ್ಣುಗಳಿಂದ ಜೇನು ಕೂಡಿಸಿದ ಹಾಗೆ ದೇಹ ತನ್ನ ಧಾತುಗಳಿಂದ ಓಜಸ್ಸನ್ನು ಕೂಡಿಸುತ್ತದೆ ಎಂಬುದು ಚರಕನ ಉಪಮೆ. ಉಂಡ ಅನ್ನ ಮೊದಲು ರಸವಾಗುತ್ತದೆ. ರಸ ರಕ್ತವಾಗಿ, ರಕ್ತ ಮಾಂಸವಾಗಿ, ಮುಂದೆ ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ. ಈ ಏಳರ ಸಾರ ಓಜಸ್ಸು. ಇವತ್ತು ಉಂಡದ್ದು ಏಳನೆಯ ಧಾತುವಿಗೆ ಮುಟ್ಟಲು ಒಂದು ತಿಂಗಳು ಬೇಕೆನ್ನುತ್ತಾನೆ ಇನ್ನೊಬ್ಬ ಸಂಹಿತಾಕಾರ ಸುಶ್ರುತ.

ಆ ಪ್ರಯಾಣ ನಡೆಯುವುದು ಹೇಗೆಂದು ವಿವರಿಸಲು ಹಳೆಯ ವ್ಯಾಖ್ಯಾನಕಾರರು ಮೂರು ನ್ಯಾಯಗಳನ್ನು ಹೇಳುತ್ತಾರೆ. ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗುವ ಹಾಗೆ ಒಂದು ಧಾತು ಇನ್ನೊಂದಾಗುತ್ತದೆ ಎಂಬುದು ಕ್ಷೀರದಧಿ ನ್ಯಾಯ. ಕಣದಲ್ಲಿ ಬಿದ್ದ ಕಾಳನ್ನು ಬೇರೆ ಬೇರೆ ದೂರದಿಂದ ಬಂದ ಪಾರಿವಾಳಗಳು ತಂತಮ್ಮ ಪಾಲಿನಷ್ಟು ಹೆಕ್ಕಿಕೊಂಡು ಹಾರುವ ಹಾಗೆ ಎಂಬುದು ಖಲೇಕಪೋತ ನ್ಯಾಯ. ಇನ್ನೊಂದು ಕೇದಾರೀಕುಲ್ಯಾ ನ್ಯಾಯ. ಕಾಲುವೆಯ ನೀರು ಮೊದಲ ಗದ್ದೆ ತುಂಬಿ, ಅದು ತುಂಬಿದ ಮೇಲೆ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ ಹರಿಯುವ ಹಾಗೆ.

ಮಂಡ್ಯದ ಕಡೆಯವರಿಗೆ ಈ ಮೂರನೆಯ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ರೈತರು ನೀರು ಬಿಟ್ಟ ಸುದ್ದಿ ಕೇಳಿ ಹಿಗ್ಗುವುದಿಲ್ಲ. ನೀರು ತಮ್ಮ ಗದ್ದೆಯ ಬದುವಿಗೆ ಬಂದು ಮುಟ್ಟಿದ ಮೇಲೆಯೇ ಅವರಿಗೆ ನಂಬಿಕೆ. ಮೇಲೆ ಎಲ್ಲೋ ಏರಿ ಒಡೆದಿರುತ್ತದೆ, ಹೂಳು ತುಂಬಿರುತ್ತದೆ, ಯಾರೋ ರಾತ್ರಿ ಪಂಪು ಇಟ್ಟಿರುತ್ತಾರೆ. ಅಣೆಕಟ್ಟೆ ತುಂಬಿದರೂ ಕೊನೆಯ ಗದ್ದೆ ಒಣಗಬಹುದು. ಆಯುರ್ವೇದ ಹೇಳುವ ದೇಹದಲ್ಲಿ ಓಜಸ್ಸು ಇರುವುದು ಈ ಕೊನೆಯ ಗದ್ದೆಯಲ್ಲಿ. ದಿನಚರ್ಯೆ, ಋತುಚರ್ಯೆ, ಪಥ್ಯ ಎಂದು ಶಾಸ್ತ್ರ ಹೇಳುವುದೆಲ್ಲ ಅಣೆಕಟ್ಟೆಯನ್ನು ಎತ್ತರಿಸುವ ಮಾತಲ್ಲ, ನಾಲೆ ಕಾಯುವ ಮಾತು.

ತೂಬು

ನಾಲೆಯ ತೂಬು ಇರುವುದು ಹೊಟ್ಟೆಯಲ್ಲಿ. ಜಠರಾಗ್ನಿ ಸರಿಯಿಲ್ಲದಿದ್ದರೆ ತುಪ್ಪ, ಬಾದಾಮಿ, ಚ್ಯವನಪ್ರಾಶ ಯಾವುದು ಇಳಿದರೂ ಅದು ಅರಗದೆ ಆಮವಾಗುತ್ತದೆಯೇ ಹೊರತು ಧಾತುವಾಗುವುದಿಲ್ಲ. ಆದ್ದರಿಂದ ಏನು ತಿನ್ನಬೇಕೆಂಬ ಪ್ರಶ್ನೆಗಿಂತ ಈಗ ತಿನ್ನಬಹುದೇ ಎಂಬ ಪ್ರಶ್ನೆಗೆ ಗ್ರಂಥಗಳಲ್ಲಿ ತೂಕ ಹೆಚ್ಚು. ಹಿಂದಿನ ಊಟ ಅರಗಿದೆ ಎನ್ನಲು ಗುರುತುಗಳಿವೆ: ತೇಗಿನಲ್ಲಿ ವಾಸನೆಯಿಲ್ಲ, ಮೈ ಹಗುರ, ಮನಸ್ಸಿಗೆ ಉತ್ಸಾಹ, ಮಲಮೂತ್ರ ಸಲೀಸು, ಹಸಿವು ಬಾಯಾರಿಕೆ ತಾವಾಗಿ ಕಾಣಿಸಿಕೊಂಡಿವೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ದಿನಾ ಬೆಳಗ್ಗೆ ಸಂದೇಶ ಕಳಿಸುವವರು ಮೂಲದ ಒಂದು ಮಾತು ಬಿಡುತ್ತಾರೆ. ಆರೋಗ್ಯವಂತನು ಏಳಬೇಕು, ಅದೂ ರಾತ್ರಿಯ ಊಟ ಅರಗಿದೆಯೋ ಇಲ್ಲವೋ ನೋಡಿಕೊಂಡು ಏಳಬೇಕು ಎನ್ನುತ್ತದೆ ‘ಅಷ್ಟಾಂಗಸಂಗ್ರಹ’. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ಉಂಡು ನಾಲ್ಕೂವರೆಗೆ ಅಲಾರಂ ಇಟ್ಟವರು ಶಾಸ್ತ್ರವನ್ನು ಅರ್ಧವಷ್ಟೇ ಪಾಲಿಸಿದಂತಾಯಿತು.

ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡು ಪಾಲು ಅನ್ನಕ್ಕೆ, ಒಂದು ನೀರಿಗೆ, ಉಳಿದೊಂದು ಗಾಳಿಯಾಡಲು ಬಿಡು ಎನ್ನುತ್ತಾನೆ ಮತ್ತೊಬ್ಬ ಹಳೆಯ ವೈದ್ಯ ವಾಗ್ಭಟ. ಒಂದು ಹೊತ್ತು ಉಂಡವ ಯೋಗಿ ಎಂದು ಶುರುವಾಗಿ ಹೊತ್ಕೊಂಡು ಹೋಗಿ ಎಂದು ಮುಗಿಯುವ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ, ಸ್ವಲ್ಪ ಒರಟಾಗಿ.

ವಾಗ್ಭಟ ಮತ್ತು ಕನ್ನಡಿಗರಿಗೆ ಜಗಳ ಹತ್ತುವುದು ಮೊಸರಿನ ವಿಷಯದಲ್ಲಿ. ರಾತ್ರಿ ಮೊಸರು ತಿನ್ನಬಾರದು, ಬಿಸಿ ಮಾಡಿ ತಿನ್ನಬಾರದು, ಹೆಸರುಬೇಳೆಯ ಕಟ್ಟು, ಜೇನು, ತುಪ್ಪ, ಸಕ್ಕರೆ, ನೆಲ್ಲಿಕಾಯಿ ಇವುಗಳಲ್ಲಿ ಒಂದಾದರೂ ಸೇರಿಸದೆ ತಿನ್ನಬಾರದು, ವಸಂತ ಗ್ರೀಷ್ಮ ಶರದೃತುಗಳಲ್ಲಿ ತಿನ್ನಬಾರದು. ಇಷ್ಟೆಲ್ಲ ಕೇಳಿದ ಮೇಲೆ ಮೊಸರನ್ನಕ್ಕೆ ಉಳಿಯುವುದೇನು? ರಾತ್ರಿ ಊಟ ಮೊಸರನ್ನದಲ್ಲಿ ಮುಗಿಯದಿದ್ದರೆ ಊಟ ಮಾಡಿದ ಹಾಗೇ ಆಗದ ಜನ ನಾವು, ನಾನೂ ಅವರಲ್ಲೊಬ್ಬಳು. ಆದರೆ ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯನ್ನು ಅದೇ ವಾಗ್ಭಟ ಕೊಂಡಾಡುತ್ತಾನೆ. ಮಲೆನಾಡು, ಉತ್ತರ ಕನ್ನಡದ ಮನೆಗಳ ತಂಬುಳಿ ನಿಂತಿರುವುದು ಮಜ್ಜಿಗೆಯ ಮೇಲೆಯೇ. ಒಂದೆಲಗ, ದೊಡ್ಡಪತ್ರೆ, ಎಲವರಿಗೆ ಕುಡಿ, ದಾಳಿಂಬೆ ಸಿಪ್ಪೆ, ಹಿತ್ತಲಲ್ಲಿ ಸಿಕ್ಕಿದ್ದನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ ಮೆಣಸು ತೆಂಗಿನತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ಮುಗಿಯಿತು. ಊಟದ ಮೊದಲಿಗೆ ತಂಬುಳಿಯನ್ನ ಉಣ್ಣುವವರು ತೂಬಿನ ಹೂಳು ತೆಗೆದು ನೀರು ಬಿಟ್ಟಂತೆ.

ಸೋರಿಕೆ

ಓಜಸ್ಸು ಕಡಿಮೆಯಾದರೆ ಏನಾಗುತ್ತದೆ? ನೆಗಡಿ, ಜ್ವರ ಎಂದು ಉತ್ತರ ಬರಬಹುದೆಂದುಕೊಂಡೇ ನಾನು ಪುಟ ತಿರುಗಿಸಿದ್ದೆ. ಚರಕ ಹೇಳುವ ಮೊದಲ ಲಕ್ಷಣ ಹೆದರಿಕೆ. ಮನುಷ್ಯ ಸುಮ್ಮಸುಮ್ಮನೆ ಹೆದರುತ್ತಾನೆ. ಆಮೇಲೆ ಬಲಹೀನತೆ, ಯಾವಾಗಲೂ ಒಂದೇ ಚಿಂತೆ, ಕಣ್ಣು ಕಿವಿಗಳಿಗೆ ಕಿರಿಕಿರಿ, ಮುಖದ ಕಳೆ ಇಳಿಯುವುದು, ಮನಸ್ಸು ಕೆಡುವುದು, ಮೈ ಒಣಗಿ ಸೊರಗುವುದು. ಫೋನು ಸದ್ದು ಮಾಡಿದರೆ ಎದೆ ಝಲ್ಲೆನ್ನುವ, ಭಾನುವಾರ ಸಂಜೆಯಿಂದಲೇ ಸೋಮವಾರಕ್ಕೆ ಹೆದರುವ ನಮ್ಮ ಕಾಲದ ಚಿತ್ರ ಇದಲ್ಲದೆ ಇನ್ನೇನು?

ಇನ್ನು ಕಾರಣಗಳು. ವಾಗ್ಭಟನ ಪಟ್ಟಿ ಚಿಕ್ಕದು: ಕೋಪ, ಹಸಿವು, ಚಿಂತೆ, ಶೋಕ, ಶ್ರಮ, ಮುಂತಾದವು. ಸುಶ್ರುತ ಇದಕ್ಕೆ ಪೆಟ್ಟು ಮತ್ತು ಧಾತುಕ್ಷಯಗಳನ್ನು ಸೇರಿಸುತ್ತಾನೆ. ಈ ಪಟ್ಟಿಯಲ್ಲಿ ಅಂಗಡಿಯಿಂದ ತಂದು ತುಂಬಿಕೊಳ್ಳಬಹುದಾದ ಕೊರತೆ ಎಷ್ಟಿದೆ? ಹಸಿವೊಂದೇ. ಉಳಿದವು ನಾವು ಯಾರ ಜೊತೆ ಬಾಳುತ್ತೇವೆ, ಯಾರ ಕೈಕೆಳಗೆ ದುಡಿಯುತ್ತೇವೆ, ಯಾರನ್ನು ಕಳೆದುಕೊಂಡಿದ್ದೇವೆ ಎಂಬ ಲೆಕ್ಕಕ್ಕೆ ಸೇರಿದವು.

2020ರಲ್ಲಿ ಕೋವಿಡ್ ಬಂದಾಗ ನಾವು ಈ ಪಟ್ಟಿಯನ್ನು ಮರೆತು ಡಬ್ಬಿಗಳ ಹಿಂದೆ ಹೋದೆವು. ಬಿಸಿನೀರು, ಅರಿಸಿನದ ಹಾಲು, ತುಳಸಿ-ದಾಲ್ಚಿನ್ನಿ-ಶುಂಠಿ-ಮೆಣಸಿನ ಕಷಾಯ, ಬೆಳಗ್ಗೆ ಹತ್ತು ಗ್ರಾಂ ಚ್ಯವನಪ್ರಾಶ ಎಂದು ಆಯುಷ್ ಸಚಿವಾಲಯ ಸಲಹೆ ಕೊಟ್ಟಿತು. ಅದರಲ್ಲಿ ತಪ್ಪೇನಿರಲಿಲ್ಲ. ಆದರೆ ಓಜಸ್ಸನ್ನು ಇಮ್ಯುನಿಟಿ ಎಂದು ಅನುವಾದಿಸಿ ಬೂಸ್ಟರ್ ಎಂಬ ಬಾಲ ಅಂಟಿಸಿದ ಕೂಡಲೇ ಅದು ಕೊಳ್ಳುವ ಸರಕಾಯಿತು. ಬೇಲಿಯ ಮೇಲೆ ಯಾರ ಗಮನಕ್ಕೂ ಬಾರದೆ ಹಬ್ಬಿಕೊಂಡಿದ್ದ ಅಮೃತಬಳ್ಳಿಯನ್ನು ಜನ ಮೂರು ಹೊತ್ತೂ ಕುದಿಸಿ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ತೊಂದರೆಯಾದದ್ದನ್ನು ವರದಿ ಮಾಡಿದಾಗ, ಅವರು ಸೇವಿಸಿದ್ದು ಅದೇ ಜಾತಿಯ ಬೇರೆ ಬಳ್ಳಿ ಇರಬಹುದೆಂದು ಸಚಿವಾಲಯ ವಾದಿಸಿತು. ವಾದದಲ್ಲಿ ಯಾರು ಗೆದ್ದರೆಂಬುದು ಬೇರೆ ಮಾತು. ಮದ್ದನ್ನು ಅನ್ನದ ಹಾಗೆ ತಿನ್ನು ಎಂದು ಯಾವ ಸಂಹಿತೆಯೂ ಹೇಳಿಲ್ಲ.

ಅಂಗಡಿಯ ಮಾತು ಬಂದಿದ್ದರಿಂದ ಇನ್ನೊಂದನ್ನೂ ಹೇಳಬೇಕು. ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರುತ್ತಿದ್ದ ದಕ್ಷಿಣ ಏಷ್ಯಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಶಕ್ತಿವರ್ಧಕ ಎಂದು ಚೀಟಿ ಅಂಟಿಸಿದ, ಒಳಗೇನಿದೆ ಎಂದು ಬರೆಯದ ಪುಡಿ, ಮಾತ್ರೆಗಳನ್ನು ಮುಟ್ಟದಿರುವುದೇ ಲೇಸು. ಗರ್ಭಿಣಿಯರು, ಮಕ್ಕಳು, ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಮನೆಮದ್ದಿನ ಪ್ರಯೋಗಕ್ಕೂ ಇಳಿಯಬಾರದು.

ಶಾಸ್ತ್ರವೆಂದು ಎಲ್ಲಕ್ಕೂ ತಲೆಯಾಡಿಸಬೇಕಾಗಿಯೂ ಇಲ್ಲ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಗೂ ಕೂಸಿಗೂ ನಡುವೆ ಅತ್ತಿಂದಿತ್ತ ಓಡಾಡುತ್ತಿರುತ್ತದೆ, ಆಗ ಹೆರಿಗೆಯಾದರೆ ಅಪಾಯ ಎನ್ನುತ್ತವೆ ಸಂಹಿತೆಗಳು. ಏಳು ತಿಂಗಳ ಕೂಸು ಉಳಿದೀತು, ಎಂಟು ತಿಂಗಳದ್ದು ಉಳಿಯದು ಎಂದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಆಡುವ ಮಾತಿಗೆ ಬೇರು ಇಲ್ಲಿರಬೇಕು. ಅದು ನಿಜವಲ್ಲ. ಗರ್ಭದಲ್ಲಿ ಕಳೆಯುವ ಒಂದೊಂದು ವಾರವೂ ಕೂಸಿನ ಬದುಕುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಏಳಕ್ಕಿಂತ ಎಂಟು ಮೇಲು. ಓಜಸ್ಸನ್ನು ಯಾವ ಪ್ರಯೋಗಾಲಯವೂ ಅಳೆದಿಲ್ಲ. ಅದನ್ನು ರಕ್ತಪರೀಕ್ಷೆಯಲ್ಲಿ ಹುಡುಕುವ ವಸ್ತು ಎಂದುಕೊಳ್ಳದೆ ಬದುಕನ್ನು ನೋಡುವ ಒಂದು ಬಗೆ ಎಂದುಕೊಂಡರೆ ಅದರಿಂದ ಕಲಿಯುವುದು ಬಹಳ ಇದೆ.

ಸೊರಗಿದ ಓಜಸ್ಸಿಗೆ ವಾಗ್ಭಟ ಸೂಚಿಸುವ ಮದ್ದು ಹಾಲು, ಜೀವನೀಯ ಎಂಬ ಗುಂಪಿನ ಮೂಲಿಕೆಗಳು ಮತ್ತು ಮಾಂಸರಸ. ಕೊನೆಯದನ್ನು ಇಂದಿನ ಪುಸ್ತಕಗಳು ಮೆಲ್ಲಗೆ ಬಿಟ್ಟುಬಿಡುತ್ತವೆ. ಬಿದ್ದು ಮೂಳೆ ಮುರಿದುಕೊಂಡವರಿಗೆ, ಬಾಣಂತಿಗೆ ಕಾಲು ಸೂಪು ಕಾಯಿಸಿ ಕೊಡುವ ಮನೆಗಳು ಓದದೆಯೇ ವಾಗ್ಭಟನ ಮಾತು ನಡೆಸಿಕೊಂಡು ಬಂದಿವೆ. ಹಾಗೆಂದು ಮಾಂಸವಿಲ್ಲದೆ ವೈದ್ಯವಿಲ್ಲ ಎಂದೂ ಅಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದಾಗ ಅದು ಮದ್ಯ ಮಾಂಸಗಳನ್ನು ಬಿಟ್ಟ ಜೈನ ಚಿಕಿತ್ಸಾಪದ್ಧತಿಯಾಗಿತ್ತು. ಎರಡೂ ದಾರಿ ಈ ನಾಡಿನವೇ. ಒಬ್ಬರ ತಟ್ಟೆಯನ್ನು ಇನ್ನೊಬ್ಬರು ಸಾತ್ವಿಕ ತಾಮಸಿಕ ಎಂದು ತೂಗಿನೋಡುವ ಚಾಳಿಯೇ ಹೊಸದು.

ವ್ಯಾಯಾಮದಲ್ಲೂ ಅರ್ಧದ ಲೆಕ್ಕವೇ. ಇರುವ ಶಕ್ತಿಯ ಅರ್ಧದಷ್ಟು ಮಾತ್ರ ದಣಿಯಬೇಕು, ಅದೂ ಚಳಿಗಾಲ ಮತ್ತು ವಸಂತದಲ್ಲಿ. ಬೇಸಿಗೆ ಮಳೆಗಾಲದಲ್ಲಿ ಇನ್ನೂ ಕಡಿಮೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಕಂಡು ಬಾಯಿ ಒಣಗತೊಡಗಿದರೆ ಅರ್ಧ ಮುಗಿಯಿತೆಂದು ತಿಳಿ. ಅತಿಯಾದ ವ್ಯಾಯಾಮ, ಜಾಗರಣೆ, ನಡಿಗೆ, ನಗು, ಮಾತುಗಳಲ್ಲಿ ಮುಳುಗಿದವನು ಆನೆಯನ್ನು ಎಳೆಯಹೋದ ಸಿಂಹದ ಹಾಗೆ ನಾಶವಾಗುತ್ತಾನೆ ಎಂದು ವಾಗ್ಭಟ ಎಚ್ಚರಿಸುತ್ತಾನೆ. ಸಿಂಹ ಆನೆಯನ್ನು ಕೊಂದಿರುತ್ತದೆ, ಗೆದ್ದಿರುತ್ತದೆ. ಎಳೆದು ಸಾಯುತ್ತದೆ. ಗೆದ್ದ ಮೇಲೂ ನಿಲ್ಲಿಸಲು ಬಾರದವರ ಬಗ್ಗೆ ಇದಕ್ಕಿಂತ ಒಳ್ಳೆಯ ಚಿತ್ರ ನಾನು ಕಂಡಿಲ್ಲ.

ಆಟಿ, ಕಕ್ಕಡ

ವರ್ಷವನ್ನು ಆಯುರ್ವೇದ ಎರಡು ಹೋಳು ಮಾಡುತ್ತದೆ. ಉತ್ತರಾಯಣ ಆದಾನಕಾಲ, ಸೂರ್ಯ ನಮ್ಮ ಬಲವನ್ನು ಹೀರುವ ಕಾಲ. ದಕ್ಷಿಣಾಯನ ವಿಸರ್ಗಕಾಲ, ಬಲ ಮರಳಿ ಬರುವ ಕಾಲ. ಕೈಯಲ್ಲಿ ಕಾಸಿಲ್ಲದೆ ತಿಂಗಳ ಕೊನೆಯನ್ನು ಮುಟ್ಟುವ ಹಾಗೆ ದೇಹ ಬೇಸಿಗೆ ಮುಗಿಸಿ ಮಳೆಗಾಲಕ್ಕೆ ಕಾಲಿಡುತ್ತದೆ. ಆಗ ಅಗ್ನಿ ಮಂದ, ಬಲ ಕಡಿಮೆ. ಹಳೆಯ ಧಾನ್ಯ, ಕುದಿಸಿದ ನೀರು, ಸ್ವಲ್ಪ ಜೇನು, ಹಗಲು ನಿದ್ದೆ ಬೇಡ, ಹೆಚ್ಚು ದುಡಿಮೆ ಬೇಡ ಎನ್ನುತ್ತದೆ ಋತುಚರ್ಯೆ.

ತುಳುನಾಡಿನ ಆಟಿ ತಿಂಗಳನ್ನು ನೋಡಿದರೆ ಈ ಅಧ್ಯಾಯವನ್ನು ಯಾರೋ ಮಣ್ಣಿನಲ್ಲಿ ಬರೆದಿಟ್ಟಂತಿದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬಿಡದ ಮಳೆ, ನಾಟಿ ಮುಗಿದು ಕೈಗೆ ಕೆಲಸವಿಲ್ಲ, ಹಿಂದೆ ಕಣಜದಲ್ಲಿ ಅಕ್ಕಿಯೂ ಇರುತ್ತಿರಲಿಲ್ಲ. ಕೆಸುವಿನೆಲೆಯ ಪತ್ರೊಡೆ, ತಜಂಕ್ ಸೊಪ್ಪು, ತಿಮರೆ ಚಟ್ನಿ ಬಂದಿದ್ದು ಆ ಕೊರತೆಯಿಂದಲೇ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ ಹಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತರುತ್ತಾರೆ. ಅದನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿಯ ಜೊತೆ ಅರೆದು ಹಿಂಡಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದ್ದಿ ‘ಒಗ್ಗರಣೆ’ ಕೊಡುತ್ತಾರೆ. ಖಾಲಿ ಹೊಟ್ಟೆಗೆ ಒಂದು ಲೋಟ. ಆ ಕಹಿ ನಾಲಿಗೆಯಲ್ಲಿ ಮಧ್ಯಾಹ್ನದವರೆಗೂ ಇರುತ್ತದೆ. ಹೊಟ್ಟೆಗೆ ಉಷ್ಣವಾಗದಿರಲೆಂದು ಮೇಲೆ ಮೆಂತೆ ಗಂಜಿ. ಮರ ಗುರುತಿಸಬಲ್ಲ ಹಿರಿಯರು ಮನೆಯಲ್ಲಿ ಕಡಿಮೆಯಾದ ಮೇಲೆ ಈ ಆಚರಣೆಗೆ ಅಪಾಯವೂ ಅಂಟಿಕೊಂಡಿದೆ. ಕತ್ತಲಲ್ಲಿ ಹಾಲೆಯೆಂದು ಕಾಸರಕನ ತೊಗಟೆ ಕೆತ್ತಿದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಕೊಲ್ಲುವ ವಿಷ. ಹಗಲಲ್ಲೇ ಹೋಗಿ ಮರ ನೋಡಿ ದಾರ ಕಟ್ಟಿಟ್ಟು ಬರುವವರು ಜಾಣರು.

ಘಟ್ಟ ಹತ್ತಿ ಕೊಡಗಿಗೆ ಹೋದರೆ ಅದೇ ತಿಂಗಳ ಹೆಸರು ಕಕ್ಕಡ. ಅದರ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪು ಕುದಿಸಿದ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಪಾಯಸ, ಪುಟ್ಟು. ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಹೊಸಬರು ಗಾಬರಿಯಾಗುತ್ತಾರೆ, ಮನೆಯವರು ನಗುತ್ತಾರೆ. ಹದಿನೆಂಟು ಔಷಧ ಎಂಬುದನ್ನು ನಾನು ಅಕ್ಷರಶಃ ನಂಬುವುದಿಲ್ಲ. ಆದರೆ ವರ್ಷದಲ್ಲಿ ಒಂದೇ ದಿನ, ಒಂದೇ ಹೊತ್ತು, ಊರಿಗೆ ಊರೇ ತಿನ್ನುವ ಮದ್ದು ತಾನಾಗಿಯೇ ಮಿತಿಯಲ್ಲಿರುತ್ತದೆ ಎಂಬುದು ಇಷ್ಟವಾಗುತ್ತದೆ. ಯುಗಾದಿಯ ಬೇವು, ರಾಮನವಮಿಯ ಪಾನಕ, ಸಂಕ್ರಾಂತಿಯ ಎಳ್ಳು ಕೊಬ್ಬರಿ, ದೀಪಾವಳಿಯ ಎಣ್ಣೆಸ್ನಾನ ಎಲ್ಲವೂ ಹೀಗೆಯೇ. ಎಣ್ಣೆಯನ್ನು ದಿನವೂ ಹಚ್ಚು, ಅದರಲ್ಲೂ ತಲೆಗೆ, ಕಿವಿಗೆ, ಅಂಗಾಲಿಗೆ ತಪ್ಪಿಸಬೇಡ ಎಂದಿದ್ದ ವಾಗ್ಭಟ. ನಾವು ಅದನ್ನು ವಾರಕ್ಕೆ, ಆಮೇಲೆ ವರ್ಷಕ್ಕೆ ಇಳಿಸಿದೆವು. ಹಂಡೆ ಹೋಗಿ ಗೀಸರ್ ಬಂದ ಮೇಲೆ ಅದೂ ಅರ್ಧ ಬಕೆಟ್ಟಿನ ಶಾಸ್ತ್ರ.

ನಿದ್ದೆಯನ್ನು ಆಹಾರ, ಬ್ರಹ್ಮಚರ್ಯಗಳ ಜೊತೆ ದೇಹದ ಮೂರು ಕಂಬಗಳಲ್ಲಿ ಒಂದೆಂದು ಎಣಿಸಿದವರು ರಾತ್ರಿಪಾಳಿಯವರನ್ನು ಕೈಬಿಟ್ಟಿಲ್ಲ. ಅಭ್ಯಾಸವಿಲ್ಲದೆ ರಾತ್ರಿ ಎಚ್ಚರವಿರಬೇಕಾಗಿ ಬಂದವರು, ಕಳೆದುಕೊಂಡ ನಿದ್ದೆಯ ಅರ್ಧದಷ್ಟು ಹೊತ್ತು ಬೆಳಗ್ಗೆ ಏನನ್ನೂ ತಿನ್ನದೆ ಮಲಗಲಿ ಎಂದು ವಾಗ್ಭಟ ಬರೆದಿದ್ದಾನೆ. ಪಾಳಿ ಮುಗಿಸಿ ದರ್ಶಿನಿಯಲ್ಲಿ ಮಸಾಲೆದೋಸೆ ತಿಂದು ಮನೆಗೆ ಹೋಗಿ ಬೀಳುವ ಬೆಂಗಳೂರಿನ ಹುಡುಗ ಹುಡುಗಿಯರು ಇದೊಂದನ್ನು ಮಾಡಿ ನೋಡಬಹುದು. ದೇಹಕ್ಕೆ ತನ್ನದೇ ಗಡಿಯಾರವಿದೆ ಎಂಬುದು ಈಗ ಬರಿಯ ನಂಬಿಕೆಯಲ್ಲ. ಆ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಅಷ್ಟಕ್ಕೇ ಎಲ್ಲವೂ ನಮ್ಮ ಋಷಿಗಳಿಗೆ ಗೊತ್ತಿತ್ತು ಎಂದು ಡಂಗುರ ಹೊಡೆಯಬೇಕಾಗಿಲ್ಲ. ಅವರು ನೋಡಿದ್ದನ್ನು ಅವರ ಮಾತಿನಲ್ಲಿ ಬರೆದರು, ಇವರು ನೋಡಿದ್ದನ್ನು ಇವರ ಮಾತಿನಲ್ಲಿ.

ತಡೆಯಬಾರದ್ದು, ತಡೆಯಬೇಕಾದದ್ದು

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವನ್ನು ಪತ್ರಿಕೆಗಳ ಆರೋಗ್ಯ ಪುಟಗಳು ಅಷ್ಟಾಗಿ ಮುಟ್ಟುವುದಿಲ್ಲ. ಹೇಳಿಕೊಳ್ಳಲು ಮುಜುಗರದ ವಿಷಯ ಎಂದೇ ಇರಬೇಕು. ಬುದ್ಧಿವಂತನು ಹದಿಮೂರು ವೇಗಗಳನ್ನು ತಡೆಯಬಾರದು ಎನ್ನುತ್ತದೆ ಅದು. ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ, ದಣಿವಿನ ಏದುಸಿರು. ಕಣ್ಣೀರನ್ನು ಈ ಸಾಲಿಗೆ ಸೇರಿಸಿದ ಕೈಗೆ ನನ್ನ ನಮಸ್ಕಾರ. ಪಟ್ಟಿಯಲ್ಲಿ ಮೊದಲನೆಯದು ಮೂತ್ರ. ಅದನ್ನು ತಡೆದರೆ ಕಿಬ್ಬೊಟ್ಟೆಯಲ್ಲಿ ನೋವು, ಉರಿಮೂತ್ರ, ತಲೆನೋವು, ಮೈ ಬಾಗುವುದು, ತೊಡೆಸಂದಿನಲ್ಲಿ ಬಿಗಿತ ಎಂದು ಪರಿಣಾಮವನ್ನೂ ಹೇಳಿದೆ.

ಅದೇ ಅಧ್ಯಾಯ ಮುಂದುವರಿದು ತಡೆಯಲೇಬೇಕಾದ ವೇಗಗಳನ್ನು ಹೇಳುತ್ತದೆ. ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ನಿರ್ಲಜ್ಜೆ, ಈರ್ಷ್ಯೆ, ಅತಿರಾಗ, ಪರರ ಸೊತ್ತಿನ ಆಸೆ. ಜೊತೆಗೆ ಒರಟು ಮಾತು, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತು.

ಬೆಂಗಳೂರಿನ ಯಾವುದಾದರೂ ಸಿಗ್ನಲ್ಲಿನಲ್ಲಿ ಸಂಜೆ ಆರೂವರೆಗೆ ನಿಂತು ನೋಡಿ. ಚರಕ ತಡೆ ಎಂದದ್ದೆಲ್ಲ ಹಾರ್ನಿನಲ್ಲಿ, ಬೈಗುಳದಲ್ಲಿ ಹೊರಗೆ ಬರುತ್ತಿರುತ್ತದೆ. ತಡೆಯಬೇಡ ಎಂದದ್ದನ್ನೆಲ್ಲ ಗಾಡಿಗಳೊಳಗೆ ಕೂತವರು ಹಲ್ಲು ಕಚ್ಚಿ ತಡೆದುಕೊಂಡಿರುತ್ತಾರೆ. ಸಂಹಿತೆಯನ್ನು ತಲೆಕೆಳಗು ಮಾಡಿ ಹಿಡಿದುಕೊಂಡು ಓದುತ್ತಿದ್ದೇವೆ.

ಸಮತೋಲನದ ಬದುಕು ಎಂದು ಬರೆಯುವ ನಾವು ಸಾಮಾನ್ಯವಾಗಿ ಮರೆಯುವುದೂ ಇಲ್ಲಿಯೇ. ಬ್ರಾಹ್ಮೀ ಮುಹೂರ್ತದಲ್ಲಿ ಈ ನಗರದಲ್ಲಿ ಎದ್ದಿರುವವರು ಯಾರು? ಒಲೆ ಹಚ್ಚಿ, ಮಕ್ಕಳಿಗೆ ಡಬ್ಬಿ ಕಟ್ಟಿ, ಪೊರಕೆ ಹಿಡಿದು ಬೀದಿಗೆ ಇಳಿಯುವ ಪೌರಕಾರ್ಮಿಕರು. ಎದ್ದದ್ದಕ್ಕೆ ಆಯುಸ್ಸು ಹೆಚ್ಚಬೇಕಾದರೆ ಮೊದಲು ಅವರದು ಹೆಚ್ಚಬೇಕಿತ್ತು. ಬೆಳಗ್ಗೆ ಗಂಟೆಗಟ್ಟಲೆ ಗುಡಿಸುವ ಹೆಂಗಸಿಗೆ ಆ ಬೀದಿಯಲ್ಲಿ ಹೋಗಲೊಂದು ಶೌಚಾಲಯ ಇರುವುದಿಲ್ಲ. ಗಾರ್ಮೆಂಟ್ಸ್ ಹುಡುಗಿ ಟಾರ್ಗೆಟ್ ಮುಗಿಯುವವರೆಗೆ ಮಿಷನ್ನು ಬಿಟ್ಟು ಏಳಲಾರಳು. ಬಾಗಿಲಿಗೆ ಬೀಗ ಬಿದ್ದ, ನೀರಿಲ್ಲದ ಶೌಚಾಲಯದ ಸ್ಕೂಲಿನಲ್ಲಿ ಮಗು ಸಂಜೆಯವರೆಗೆ ತಡೆದುಕೊಳ್ಳುತ್ತದೆ. ಓಜಸ್ಸಿನ ನಾಲೆ ಇವರ ಮೈಯಲ್ಲಿ ಒಡೆಯುವುದು ಇವರ ಅಜ್ಞಾನದಿಂದ ಅಲ್ಲ. ಪಂಪು ಇಟ್ಟವರು ಮೇಲೆ ಇದ್ದಾರೆ.

ಹೋದ ಬೇಸಿಗೆ ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮಧ್ಯಾಹ್ನದ ಸುಡುಬಿಸಿಲು. ಕಂಡಕ್ಟರ್ ಹೆಣ್ಣುಮಗಳು, ಮೂವತ್ತರ ಆಸುಪಾಸು. ಟಿಕೆಟ್ಟೆಲ್ಲ ಹರಿದು ಮುಗಿಸಿ ನನ್ನ ಪಕ್ಕದ ಸೀಟಿನಲ್ಲಿ ಕೂತು ಸೆರಗಿನಿಂದ ಕತ್ತು ಒರೆಸಿಕೊಂಡಳು. ಬ್ಯಾಗಿನ ಪಕ್ಕಕ್ಕೆ ಸಿಕ್ಕಿಸಿದ್ದ ನೀರಿನ ಬಾಟಲಿ ಕತ್ತಿನವರೆಗೆ ತುಂಬಿತ್ತು. ತುಟಿ ಒಡೆದಿತ್ತು. ನೀರು ಕುಡಿಯಬಾರದೇನಮ್ಮ ಎಂದೆ.

“ಬೆಳಿಗ್ಗೆ ಐದಕ್ಕೆ ತುಂಬ್ಕೊಂಡ್ ಬಂದಿದ್ದು ಅಕ್ಕ,” ಅಂದಳು. “ಕುಡುದ್ರೆ ಇಳೀಬೇಕಾಯ್ತದೆ. ಎಲ್ಲಿ ಅಂತ ಇಳೀಲಿ?”

ಮುಂದಿನ ಸ್ಟಾಪಿನಲ್ಲಿ ಇಬ್ಬರು ಹತ್ತಿದರು. ಎದ್ದು ಹೋಗುವಾಗ ಬಾಟಲಿಯ ಮುಚ್ಚಳ ಬಿಚ್ಚಿ, ಒಂದು ಮುಚ್ಚಳ ನೀರನ್ನು ತುಟಿಗೆ ಸವರಿಕೊಂಡು ಮತ್ತೆ ಬಿಗಿದಳು. ಕಿಟಕಿಯ ಆಚೆ ನಾಲೆಯಲ್ಲಿ ಹೋದ ಹಂಗಾಮಿನ ಹೂಳು ಬಿರಿದುಕೊಂಡಿತ್ತು.